ತುಟಿಯೊಳಗಿನ ಪ್ರಾರ್ಥನೆ

ಹಿರಿಯೂರಿನಲ್ಲಿ ಡಾಕ್ಟರು ಗೋಡೆಗೆ ತೂಗುಹಾಕಿದ ಡಿಗ್ರಿಯನ್ನು ಯಾರೂ ಓದುವುದಿಲ್ಲ. ಓದಿದರೂ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲಿನ ಜನ ನೋಡುವುದು ಕೈಗುಣ. ಅದೇ ಸೂಜಿ, ಅದೇ ಮಾತ್ರೆ, ಒಬ್ಬರು ಕೊಟ್ಟರೆ ವಾಸಿಯಾಗುತ್ತದೆ, ಇನ್ನೊಬ್ಬರು ಕೊಟ್ಟರೆ ಇಲ್ಲ ಎನ್ನುವುದು ಅವರ ಗಟ್ಟಿ ನಂಬಿಕೆ. ಹುಳಿಯಾರು ರಸ್ತೆಯಲ್ಲಿರುವ ಜಯಶೀಲಾ ಡಾಕ್ಟರ ಕ್ಲಿನಿಕ್ಕಿನ ಮುಂದೆ ಬಾಗಿಲು ತೆಗೆಯುವ ಮೊದಲೇ ಜನ ಬಂದು ಕೂರುತ್ತಿದ್ದುದು ಆ ನಂಬಿಕೆಯ ಮೇಲೆಯೇ.

ಜಯಶೀಲಾ ನಲವತ್ತು ದಾಟಿದವರು. ದನಿ ಗಟ್ಟಿ, ನಡಿಗೆ ಚುರುಕು. ಶುಗರ್ ಇಟ್ಟುಕೊಂಡು ಮದುವೆಮನೆಯಲ್ಲಿ ಎರಡೆರಡು ಹೋಳಿಗೆ ತಿಂದು ಬಂದವರಿಗೆ ಎಲ್ಲರೆದುರೇ ಮಂಗಳಾರತಿ ಎತ್ತುವವರು. ಇಂಥವರಿಗೂ ಒಂದೇ ಒಂದು ವಿಷಯದಲ್ಲಿ ನಾಲಿಗೆ ಏಳುತ್ತಿರಲಿಲ್ಲ. ಅವರು ಕ್ರೈಸ್ತರು. ರೋಗಿಯ ಮೈ ಮುಟ್ಟುವ ಮೊದಲು ಪ್ರತಿ ಸಲವೂ ಯೇಸುಸ್ವಾಮಿಗೆ ಒಂದು ಮಾತು ಹೇಳಿಯೇ ಮುಟ್ಟುವವರು. ಆದರೆ ಆ ಮಾತು ತುಟಿ ದಾಟಿ ಹೊರಗೆ ಬರುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಅಷ್ಟೇ.

ಅವರ ತಂದೆ ದೇವದಾನಪ್ಪ ಹೀಗಿರಲಿಲ್ಲ. ತುರುವನೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅವರನ್ನು ಊರವರು ಕರೆಯುತ್ತಿದ್ದುದೇ ಪ್ರಾರ್ಥನೆ ಮೇಷ್ಟ್ರು ಎಂದು. ಪರೀಕ್ಷೆಗೆ ಹೊರಟ ಮಕ್ಕಳ ತಲೆ ಮೇಲೆ ಕೈಯಿಟ್ಟು, ಬಾವಿಗೆ ಮೋಟಾರು ಇಳಿಸುವವರ ಪಕ್ಕ ನಿಂತು, ಬಸ್ಸು ಕೆಟ್ಟು ನಿಂತರೆ ಬಸ್ಸಿನ ಮುಂದೆಯೇ ನಿಂತು ಗಟ್ಟಿಯಾಗಿ ಪ್ರಾರ್ಥನೆ ಮಾಡಿಬಿಡುತ್ತಿದ್ದರು. ಜನ ನಗುತ್ತಿದ್ದರು, ತಮ್ಮ ಮನೆಯ ಶುಭಕಾರ್ಯಕ್ಕೆ ಅವರನ್ನೇ ಮೊದಲು ಕರೆಯುತ್ತಿದ್ದರು. ಮಗಳಿಗೆ ಆ ಧೈರ್ಯ ರಕ್ತದಲ್ಲೇ ಬರಬೇಕಿತ್ತು, ಬಂದಿತ್ತು ಕೂಡ. ಅದನ್ನು ಕಳೆದುಕೊಂಡದ್ದು ಹೊಳಲ್ಕೆರೆಯಲ್ಲಿ.

ಓದು ಮುಗಿಸಿ ಅಲ್ಲೊಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಹೆರಿಗೆ ಕಷ್ಟವಾಗಿ ಆಪರೇಷನ್ನಿಗೆ ಹೊರಟಿದ್ದ ಹುಡುಗಿಯೊಬ್ಬಳು ಗಡಗಡ ನಡುಗುತ್ತಿದ್ದಳು. ಜಯಶೀಲಾ ಅವಳ ಕೈಹಿಡಿದು, ‘ಹೆದರಬೇಡ, ಯೇಸುಸ್ವಾಮಿ ನಿನ್ನ ಜೊತೆಗಿದ್ದಾರೆ’ ಎಂದರು. ತಾಯಿ ಮಗು ಇಬ್ಬರೂ ಚೆನ್ನಾಗಿಯೇ ಹೊರಬಂದರು. ಆದರೆ ಆ ಮಾತನ್ನು ಕೇಳಿಸಿಕೊಂಡಿದ್ದ ನೆಂಟನೊಬ್ಬ ಹೊರಗೆ ದೊಡ್ಡ ಗಲಾಟೆ ಎಬ್ಬಿಸಿದ. ಜಾತಿ ಕೆಡಿಸಲು ಬಂದಿದ್ದಾಳೆ ಎಂದ, ಪೊಲೀಸಿಗೆ ಹೇಳುತ್ತೇನೆ ಎಂದ. ಮ್ಯಾನೇಜರು ಜಯಶೀಲಾರನ್ನು ಕೋಣೆಗೆ ಕರೆಸಿ, ‘ಇಲ್ಲಿ ಔಷಧಿ ಅಷ್ಟೇ ಮೇಡಂ, ದೇವರು ಗೀವರು ಎಲ್ಲ ಗೇಟಿನ ಹೊರಗೆ’ ಎಂದು ಬುದ್ಧಿ ಹೇಳಿದರು. ಹಾಗೆ ಹೇಳುವಾಗ ಅವರ ತಲೆಯ ಮೇಲೆ ಹೂ ಮುಡಿದ ಗಣಪತಿ ಪಟ, ಅದಕ್ಕೊಂದು ಕೆಂಪು ಬಲ್ಬು. ಜಯಶೀಲಾ ಅದನ್ನು ನೋಡಿ ಹೊರಗೆ ಬಂದರು. ಅವತ್ತೇ ಕೊರಳಿನ ಶಿಲುಬೆ ರವಿಕೆಯೊಳಗೆ ಹೋಯಿತು. ಹಿರಿಯೂರಿನಲ್ಲಿ ಸ್ವಂತ ಕ್ಲಿನಿಕ್ ತೆರೆದ ಮೇಲೂ ಅದು ಹೊರಗೆ ಬರಲಿಲ್ಲ. ಚರ್ಚಿನವರು ಕೊಟ್ಟ ಬೈಬಲ್ ವಾಕ್ಯದ ಕ್ಯಾಲೆಂಡರ್ ಕೂಡ ರೋಗಿಗಳ ಕಣ್ಣಿಗೆ ಬೀಳದ ಒಳಕೋಣೆಯಲ್ಲೇ ತೂಗುತ್ತಿತ್ತು.

ಕ್ಲಿನಿಕ್ಕಿಗೆ ಅಂಟಿಕೊಂಡೇ ಕಲ್ಲೇಶನ ಮೆಡಿಕಲ್ ಶಾಪು. ಕಲ್ಲೇಶ ದಿನಾ ಹಣೆತುಂಬ ವಿಭೂತಿ ಧರಿಸಿ, ಔಷಧದ ಕಪಾಟಿಗೆಲ್ಲ ಊದುಬತ್ತಿ ಬೆಳಗಿಯೇ ವ್ಯಾಪಾರ ಶುರುಮಾಡುವವನು. ಆ ಹೊಗೆಗೆ ಕೆಮ್ಮುವ ರೋಗಿಗಳ ಕೆಮ್ಮು ಇನ್ನಷ್ಟು ಏರುತ್ತಿತ್ತು, ಅದು ಬೇರೆ ಮಾತು. ಡಾಕ್ಟರ ಗುಟ್ಟು ಗೊತ್ತಿದ್ದವನು ಅವನೊಬ್ಬನೇ.

‘ಅಲ್ಲ ಮೇಡಂ, ನಾನು ಹಣೆ ಮ್ಯಾಲೆ ಮೂರು ಗೆರೆ ಎಳ್ಕಂಡು ರಸ್ತೇಲಿ ಬರ್ತೀನಿ. ನೀವ್ಯಾಕೆ ಕದ್ದ ಮಾಲು ಇಟ್ಕಂಡಂಗೆ ಆಡ್ತೀರಿ?’ ಎಂದು ಆಗಾಗ ಕೆಣಕುತ್ತಿದ್ದ.

‘ನಿನ್ನ ಕತೆ ಬೇರೆ ಕಣಯ್ಯ, ನನ್ನ ಕತೆ ಬೇರೆ’ ಎಂದು ಜಯಶೀಲಾ ಮುಂದಿನ ರೋಗಿಯನ್ನು ಕರೆಯುತ್ತಿದ್ದರು.

ಅಂಥ ದಿನಗಳಲ್ಲಿ ಯಲ್ಲದಕೆರೆಯಿಂದ ನಿಂಗಕ್ಕ ಬಂದಳು. ಕುರಿ ಕಾಯುವ ಹೆಂಗಸು, ಗಂಡ ತೀರಿಕೊಂಡ ಮೇಲೂ ಮಂದೆ ಬಿಟ್ಟವಳಲ್ಲ. ಜಾಲಿಮುಳ್ಳು ಚಪ್ಪಲಿ ತೂರಿಕೊಂಡು ಪಾದಕ್ಕೆ ನೆಟ್ಟಿತ್ತು. ಸೂಜಿಯಿಂದ ತೆಗೆದು ಅರಿಶಿನ ಮೆತ್ತಿಕೊಂಡು ಮತ್ತೆ ಕುರಿ ಹಿಂದೆ ಹೋಗಿದ್ದಳು. ಗಾಯ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಶುಗರ್ ವಿಪರೀತವಿತ್ತು.

ಜಯಶೀಲಾ ಸ್ಟೂಲಿನ ಮೇಲೆ ಕೂತು ಆ ಕಾಲನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ನಿಂಗಕ್ಕನಿಗೆ ಸಂಕೋಚವೋ ಸಂಕೋಚ.

‘ಅಯ್ಯೋ ಬ್ಯಾಡ್ರಮ್ಮ, ಕುರಿಹಟ್ಟಿ ತುಳಿದ ಕಾಲು. ನೀವು ಮುಟ್ಟಬಾರ್ದು.’

‘ಮುಟ್ಟದೆ ತೊಳೆಯೋದು ಹೆಂಗೆ ನಿಂಗಕ್ಕ? ಸುಮ್ನೆ ಕುಂತ್ಕಳ್ರಿ.’

ಕೀವು ತೆಗೆದು, ತೊಳೆದು, ಬಟ್ಟೆ ಕಟ್ಟುವಷ್ಟು ಹೊತ್ತೂ ಜಯಶೀಲಾರ ತುಟಿ ಅಲ್ಲಾಡುತ್ತಿತ್ತು. ನಿಂಗಕ್ಕ ಅದನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಎರಡೂ ಕೈ ತಾವಾಗಿಯೇ ಒಂದಾದವು. ಜಯಶೀಲಾ ಓರೆಗಣ್ಣಿನಲ್ಲಿ ಅದನ್ನು ಕಂಡರು. ಎಲ್ಲಿ ಏನು ಎತ್ತ ಎಂದು ಕೇಳಿಬಿಡುತ್ತಾಳೋ ಎಂದು ಬಟ್ಟೆಗೆ ಬೇಗಬೇಗ ಗಂಟು ಹಾಕಿದರು. ನಿಂಗಕ್ಕ ಕೇಳಲಿಲ್ಲ. ಸದ್ಯ ಪಾರಾದೆ ಎಂದುಕೊಂಡರು ಡಾಕ್ಟರು.

ಹೀಗೆ ಎಷ್ಟೋ ಸಲ ಬಂದಳು, ಕಟ್ಟಿಸಿಕೊಂಡು ಹೋದಳು. ಗಾಯ ಕೆಂಪಾಗಿ ಕೂಡಿಕೊಳ್ಳತೊಡಗಿತು. ‘ನಿಮ್ಮ ಕೈಗುಣ ಭಾಳ ಚೆನ್ನಾಗೈತಮ್ಮ’ ಎಂದು ಕೈಮುಗಿದಳು. ಜಯಶೀಲಾ ನಕ್ಕು, ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು. ಆಮೇಲೆ ನಿಂಗಕ್ಕ ಬರುವುದು ನಿಂತಿತು. ಗುಣವಾಗಿರಬೇಕು, ಕುರಿ ಹೊಡೆದುಕೊಂಡು ಎಲ್ಲೋ ದೂರ ಹೋಗಿರಬೇಕು ಎಂದು ಇವರೂ ಸುಮ್ಮನಾದರು.

ಒಂದು ಸೋಮವಾರ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಆಟೋ ಬಂದು ನಿಂತಿತು. ನಿಂಗಕ್ಕನನ್ನು ಮಗ ಮಾರುತೇಶ ಎತ್ತಿಕೊಂಡೇ ಒಳಗೆ ತಂದು ಮಂಚದ ಮೇಲೆ ಮಲಗಿಸಿದ. ಮಾರುತೇಶ ಎತ್ತರದ ಆಳು, ಊರಿನ ಹುಡುಗರ ಸಂಘಕ್ಕೆ ಮುಂದಾಳು, ಮಾತು ಯಾವಾಗಲೂ ಒಂದು ಸುತ್ತು ಜೋರು. ನಿಂಗಕ್ಕನ ಮೈ ಜ್ವರದಿಂದ ಕಾದಿತ್ತು. ಜಯಶೀಲಾ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರೆ ಪಾದ ಊದಿಕೊಂಡಿತ್ತು, ಎರಡು ಬೆರಳು ಕರ್ರಗಾಗಿದ್ದವು. ಆ ವಾಸನೆಗೆ ಹೊರಗೆ ಕೂತವರೂ ಮೂಗು ಮುಚ್ಚಿಕೊಂಡರು.

‘ನಿಂಗಕ್ಕ, ಮಾತ್ರೆ ತಗೊಂಡ್ರಾ?’

‘ಇಲ್ಲಮ್ಮ’ ಎಂದಳು ನಿಂಗಕ್ಕ, ಅದರಲ್ಲೇನಿದೆ ಎನ್ನುವಂತೆ. ‘ಎಸೆದಿಲ್ಲ ಕಣಮ್ಮ, ಅಟ್ಟದ ಮ್ಯಾಲೆ ಜ್ವಾಪಾನವಾಗಿ ಇಟ್ಟೀನಿ. ಮಂತ್ರ ಹಾಕಿದ್ ಮ್ಯಾಲೆ ಮಾತ್ರೆ ಬೆರೆಸ್ತಾರಾ?’

‘ಮಂತ್ರ? ಯಾರು ಹಾಕಿದ್ರು?’

‘ನೀವೇ ಅಲ್ವಾ? ಕಾಲು ಕಟ್ಟುವಾಗೆಲ್ಲ ಹಾಕ್ತಿದ್ರಲ್ಲ.’

ಜಯಶೀಲಾ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು.

ಇದು ಆ ಕಡೆಯ ಹಳೆಯ ರೂಢಿ. ಯಲ್ಲದಕೆರೆಯ ದೊಡ್ಡತಿಮ್ಮಪ್ಪ ಚೇಳಿಗೂ ಕಾಮಾಲೆಗೂ ಮಂತ್ರ ಹಾಕುತ್ತಾನೆ. ಅವನ ಕೈಯಲ್ಲಿ ಮಂತ್ರಿಸಿಕೊಂಡವರು ಅದರ ಮೇಲೆ ಬೇರೆ ಔಷಧಿ ಮುಟ್ಟುವಂತಿಲ್ಲ, ಮುಟ್ಟಿದರೆ ಎರಡೂ ಕೆಡುತ್ತವೆ. ಮಂತ್ರ ಯಾವುದೆಂದು ಕೇಳುವಂತೆಯೂ ಇಲ್ಲ. ಬಾಯಿಬಿಟ್ಟು ಹೇಳಿದ ಕ್ಷಣ ಅದರ ಶಕ್ತಿ ಹೋಗುತ್ತದೆ. ಡಾಕ್ಟರ ತುಟಿ ಅಲ್ಲಾಡುವುದನ್ನು ನಿಂಗಕ್ಕ ಆ ಲೆಕ್ಕಕ್ಕೆ ಸೇರಿಸಿದ್ದಳು. ಅವಳೊಬ್ಬಳೇ ಅಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅರ್ಧಕ್ಕರ್ಧ ಜನವೂ ಅದನ್ನೇ ನಂಬಿ ಬಂದವರು. ಯಾರೂ ಇದುವರೆಗೆ ಕೇಳದೆ ಇದ್ದದ್ದು ಮರ್ಯಾದೆಯಿಂದ. ಅದನ್ನು ಜಯಶೀಲಾ ತಮ್ಮ ಅದೃಷ್ಟ ಎಂದುಕೊಂಡಿದ್ದರು.

ಮಾರುತೇಶನಿಗೆ ತಡೆಯಲಾಗಲಿಲ್ಲ. ‘ಏನ್ ಮಂತ್ರ ಹಾಕೀರಿ ನಮ್ಮವ್ವಗೆ? ಇವತ್ತು ಹೇಳ್ಲೇಬೇಕು ನೀವು!’ ಎಂದು ಮೇಜು ಗುದ್ದಿದ. ಹೊರಗಿನ ಗುಜುಗುಜು ನಿಂತುಹೋಯಿತು. ಬಾಗಿಲಲ್ಲಿ ತಲೆಗಳು ಕಾಣಿಸಿಕೊಂಡವು.

ಕಲ್ಲೇಶ ಔಷಧದ ಡಬ್ಬಿ ಹಿಡಿದುಕೊಂಡೇ ಓಡಿಬಂದ. ‘ಏಯ್ ಮಾರುತೇಶ, ಮಂತ್ರನೂ ಇಲ್ಲ ಗಿಂತ್ರನೂ ಇಲ್ಲ ಕಣಪ್ಪ. ಮೇಡಂ ಔಷಧಿ ಲೆಕ್ಕ ಹಾಕ್ಕಂತಾರೆ, ಅವಾಗ ತುಟಿ ಅಳ್ಳಾಡ್ತವೆ, ಅಷ್ಟೇಯ’ ಎಂದ.

ಒಳ್ಳೆಯ ಸುಳ್ಳು. ಹೂಂ ಎಂದುಬಿಟ್ಟರೆ ಆಯಿತು, ಎಲ್ಲ ಅಲ್ಲಿಗೆ ಮುಗಿಯುತ್ತದೆ. ಜಯಶೀಲಾರಿಗೆ ಹೊಳಲ್ಕೆರೆಯ ಆ ಗಲಾಟೆ ಕಣ್ಣಮುಂದೆ ಬಂತು. ಎದುರಿಗೆ ನಿಂತಿರುವವನು ಆ ನೆಂಟನಿಗಿಂತ ಎರಡು ಪಟ್ಟು ಆಳು, ಬೆನ್ನಿಗೆ ಸಂಘವಿದೆ. ಆದರೆ ತೊಡೆಯ ಮೇಲೆ ನಿಂಗಕ್ಕನ ಕಾಲಿತ್ತು. ಈ ಬೆರಳುಗಳು ಕಪ್ಪಾಗಿದ್ದು ಜಾಲಿಮುಳ್ಳಿನಿಂದ ಮಾತ್ರವಲ್ಲ, ತಾನು ಬಾಯಿ ಮುಚ್ಚಿಕೊಂಡಿದ್ದರಿಂದಲೂ ಹೌದು ಎಂದು ಅವರಿಗೆ ಗೊತ್ತಾಯಿತು. ಈಗಲೂ ಮುಚ್ಚಿಕೊಂಡರೆ ಈಕೆ ನಾಳೆ ಇನ್ನೊಬ್ಬರ ಮಂತ್ರ ಹುಡುಕಿಕೊಂಡು ಹೋಗುತ್ತಾಳೆ, ಮಾತ್ರೆ ಅಟ್ಟದ ಮೇಲೇ ಇರುತ್ತದೆ, ಕಾಲು ಉಳಿಯುವುದಿಲ್ಲ.

‘ಕಲ್ಲೇಶ, ನೀನು ಸುಮ್ನಿರು’ ಎಂದರು. ‘ಮಾರುತೇಶ, ನಾನು ಕ್ರೈಸ್ತಳು. ಅದು ಮಂತ್ರ ಅಲ್ಲ, ಪ್ರಾರ್ಥನೆ. ನಿಮ್ಮವ್ವನ ಕಾಲು ಮುಟ್ಟೋ ಮೊದ್ಲು ನಮ್ಮ ಯೇಸುಸ್ವಾಮೀನ ಬೇಡ್ಕೊತೀನಿ. ಅದ್ರಾಗೆ ಏನ್ ಹೇಳ್ತೀನಿ ಅಂದ್ರೆ—’

‘ಹೇಳ್ಬ್ಯಾಡ್ರಿ!’ ನಿಂಗಕ್ಕ ಕಿರುಚಿದಳು. ಜ್ವರದ ಮೈಯಲ್ಲೂ ತಟ್ಟನೆ ಎದ್ದು ಕೂತು, ಡಾಕ್ಟರ ಬಾಯಿಗೆ ತನ್ನ ಒರಟು ಅಂಗೈಯನ್ನು ಅಡ್ಡ ಹಿಡಿದುಬಿಟ್ಟಳು. ‘ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿಬಿಟ್ಟು ಹೇಳ್ಬ್ಯಾಡ್ರಿ. ಶಕ್ತಿ ಹೋಗ್ತೈತೆ! ನನ್ ಕಾಲು ಹೋಗ್ತೈತೆ!’

ಇಷ್ಟು ವರ್ಷ ಯಾರು ಬಂದು ಬಾಯಿ ಮುಚ್ಚಿಸುತ್ತಾರೋ ಎಂದು ಹೆದರಿದ್ದರು ಜಯಶೀಲಾ. ಕಡೆಗೂ ಒಬ್ಬರು ಮುಚ್ಚಿಸಿದ್ದರು, ಅದೂ ಅವರ ದೇವರನ್ನು ಗೊತ್ತಿಲ್ಲದೆಯೇ ಅಷ್ಟು ಗಟ್ಟಿಯಾಗಿ ನೆಚ್ಚಿಕೊಂಡವಳು. ಅವರಿಗೆ ನಗುವೂ ಬಂತು, ಅಳುವೂ ಬಂತು. ಆ ಕೈಯನ್ನು ಮೆಲ್ಲಗೆ ಬಾಯಿಯಿಂದ ತೆಗೆದು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

‘ನಿಂಗಕ್ಕ, ಹೇಳಿದ್ರೆ ಹೋಗೋ ಅಂಥ ಶಕ್ತಿ ಅಲ್ಲ ಇದು. ನೀವೂ ಕೇಳ್ರಿ. ಪ್ರಾರ್ಥನೆ ಮಾಡ್ಲಾ? ಬ್ಯಾಡ ಅಂದ್ರೂ ಔಷಧಿ ಕೊಡ್ತೀನಿ.’

ನಿಂಗಕ್ಕ ಮಗನ ಮುಖ ನೋಡಿದಳು. ಮಾರುತೇಶ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅವಳೇ ತಲೆಯಾಡಿಸಿದಳು. ಜಯಶೀಲಾ ಕಣ್ಣು ಮುಚ್ಚಿ, ತಂದೆಯ ದನಿ ತಮಗೆ ಬಂತೋ ಎನ್ನುವಂತೆ ಬಾಯ್ತುಂಬ ಹೇಳಿದರು.

‘ಯೇಸುಸ್ವಾಮಿ, ಯಲ್ಲದಕೆರೆಯ ನಿಂಗಕ್ಕ ನಿನ್ನ ಮಗಳು. ಕುರಿಗಳ ಹಿಂದೆ ನಡೆದೂ ನಡೆದೂ ಸವೆದ ಕಾಲು ಇದು. ಇದನ್ನು ಉಳಿಸಿಕೊಡು. ನನ್ನ ಕೈಗೆ ಬುದ್ಧಿ ಕೊಡು. ನಿಂಗಕ್ಕನಿಗೆ ಮಾತ್ರೆ ನುಂಗುವ ಮನಸ್ಸು ಕೊಡು. ಮಾರುತೇಶನಿಗೆ ಸಮಾಧಾನ ಕೊಡು. ಆಮೆನ್.’

ನಿಂಗಕ್ಕ ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದಳು.

‘ಇಷ್ಟು ದಿನಾನೂ ಇದ್ನೇ ಹೇಳ್ತಿದ್ರಾ?’

‘ಇದನ್ನೇ.’

‘ನನ್ ಹೆಸ್ರು ಹೇಳಿ?’

‘ಹೆಸ್ರು ಹೇಳದೆ ಯಾರಿಗೆ ಅಂತ ಕೇಳ್ಲಿ?’

ನಿಂಗಕ್ಕನ ಕಣ್ಣು ತುಂಬಿಕೊಂಡಿತು. ದೊಡ್ಡತಿಮ್ಮಪ್ಪನ ಮಂತ್ರದಲ್ಲಿ ಯಾರ ಹೆಸರಿದೆಯೋ ಅವನಿಗೇ ಗೊತ್ತು. ತನ್ನ ಹೆಸರನ್ನು ಹಿಡಿದು ಯಾರಾದರೂ ದೇವರ ಮುಂದೆ ನಿಲ್ಲುತ್ತಾರೆ ಎಂದು ಅವಳು ಕನಸಿನಲ್ಲೂ ನೆನೆಸಿರಲಿಲ್ಲ.

ಮಾರುತೇಶ ಮುಂದಕ್ಕೆ ಬಂದ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ‘ಅದೆಲ್ಲ ಸರಿ ಡಾಕ್ಟ್ರೇ. ನಿಮ್ಮ ಸ್ವಾಮಿ ಮಾತ್ರೆ ಬಿಡು ಅಂತ ಹೇಳ್ಯಾನಾ?’

‘ಇಲ್ಲಪ್ಪ. ಪ್ರಾರ್ಥನೇನೂ ಮಾತ್ರೇನೂ ಒಂದಕ್ಕೊಂದು ಜಗಳ ಆಡಲ್ಲ. ನಂಗೆ ಡಾಕ್ಟ್ರಿಕೆ ಕಲಿಸಿದ್ದೂ ಆತನೇ ಅಂತ ನಾನು ನಂಬೀನಿ. ನಿಮ್ಮವ್ವ ಮಾತ್ರೆ ಬಿಟ್ಟಿದ್ದು ನಾನು ಬಾಯಿ ಬಿಡದೆ ಇದ್ದಿದ್ದಕ್ಕೆ. ಅದು ನನ್ನ ತಪ್ಪು, ಆಕೇದಲ್ಲ.’

‘ಮೊದ್ಲೇ ಹೇಳಿದ್ರೆ ಏನ್ ಗಂಟು ಹೋಗ್ತಿತ್ತು ನಿಮ್ದು?’ ಎಂದ ಮಾರುತೇಶ.

ಜಯಶೀಲಾ ಆ್ಯಂಬುಲೆನ್ಸಿಗೆ ಫೋನ್ ಮಾಡಿದರು. ‘ಇವಾಗ ಮಾತು ಬ್ಯಾಡ, ದುರ್ಗಕ್ಕೆ ಹೋಗಾಣ’ ಎಂದು ಎದ್ದರು. ಕಾದು ಕೂತಿದ್ದವರಿಗೆ ಕೈಮುಗಿದು, ಸ್ಟೆತಾಸ್ಕೋಪು ಕೊರಳಲ್ಲಿ ಇದ್ದಂತೆಯೇ ಆ್ಯಂಬುಲೆನ್ಸು ಹತ್ತಿದರು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಜಯಶೀಲಾ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ನೋಡಿಕೊಂಡು ಬರುತ್ತಿದ್ದರು. ಒಂದು ಮಧ್ಯಾಹ್ನ ನಿಂಗಕ್ಕ ತಾನಾಗಿಯೇ, ನಿಮ್ಮ ಸ್ವಾಮಿ ಎಂಥೋರು, ಏನು ಮಾಡಿಕೊಂಡಿದ್ದರು ಎಂದು ಕೇಳಿದಳು. ಜಯಶೀಲಾ ಈ ಸಲ ಅತ್ತಿತ್ತ ನೋಡಲಿಲ್ಲ. ತಪ್ಪಿಸಿಕೊಂಡ ಒಂದೇ ಒಂದು ಕುರಿಗಾಗಿ ಉಳಿದ ಮಂದೆಯನ್ನೆಲ್ಲ ಬಿಟ್ಟು ಹುಡುಕಿಕೊಂಡು ಹೊರಟವನ ಕತೆಯನ್ನು ಆತನೇ ಹೇಳಿದ್ದು, ಆತ ಅಂಥವನೇ ಎಂದರು.

‘ಹೋಗ್ಲೇಬೇಕಲ್ಲ, ಹೋಗ್ದೆ ನಿದ್ದೆ ಬರ್ತೈತಾ?’ ಎಂದಳು ನಿಂಗಕ್ಕ. ಆಮೇಲೆ ದಿಂಬಿನಿಂದ ತಲೆಯೆತ್ತಿ, ‘ಅಲ್ಲಮ್ಮ, ಉಳಿದ ಕುರಿ ಯಾರ ಕೈಗೆ ಒಪ್ಸಿ ಹೋದ? ತೋಳ ಬಂದ್ರೆ?’ ಎಂದಳು.

ಯಾವ ಚರ್ಚಿನಲ್ಲೂ ಯಾವ ಅಯ್ಯನವರೂ ಇದಕ್ಕೆ ಉತ್ತರ ಹೇಳಿದ್ದು ಜಯಶೀಲಾರಿಗೆ ನೆನಪಾಗಲಿಲ್ಲ. ವಾರ್ಡಿನವರೆಲ್ಲ ತಿರುಗಿ ನೋಡುವಂತೆ ನಕ್ಕುಬಿಟ್ಟರು. ಅಷ್ಟು ಹಗುರಾಗಿ ನಕ್ಕು ವರ್ಷಗಳೇ ಆಗಿದ್ದವು.

ಹಿರಿಯೂರಿಗೆ ಮರಳಿ, ಈಗ ಯಾರು ಬರುತ್ತಾರೆ, ಏನನ್ನುತ್ತಾರೆ ಎಂದು ಕಾದರು. ಒಂದೆರಡು ಮನೆಯವರು ಬರುವುದು ಬಿಟ್ಟದ್ದು ನಿಜ. ಮಂತ್ರ ಅಲ್ಲವಂತೆ ಎಂದು ತಿಳಿದು ಬೇಜಾರಾಗಿ ಬಿಟ್ಟವರು ಅದಕ್ಕಿಂತ ಹೆಚ್ಚು. ಕಟ್ಟಡದ ಮಾಲೀಕ ರೇವಣಸಿದ್ದಪ್ಪ ಕೋಲೂರಿಕೊಂಡು ಬಂದಾಗ ಮಾತ್ರ ಜಯಶೀಲಾ, ಬಂತಪ್ಪ, ಇನ್ನು ಜಾಗ ಖಾಲಿ ಮಾಡು ಅಂತಾನೆ ಎಂದುಕೊಂಡರು. ಮಠದ ಭಕ್ತ, ಕಡಲೆಕಾಯಿ ವ್ಯಾಪಾರದಲ್ಲಿ ಹಣ್ಣಾದ ಮುದುಕ. ಅವನು ಬಂದದ್ದು ಮಂಡಿನೋವಿಗೆ.

‘ಪ್ರಾರ್ಥನೆ ಮಾಡ್ಲಾ ಯಜಮಾನ್ರೇ?’ ಎಂದು ಕೇಳಿಯೇಬಿಟ್ಟರು ಡಾಕ್ಟರು.

‘ನಂಗೆ ಬ್ಯಾಡಮ್ಮ, ನನ್ ಲಿಂಗ ನನ್ ಎದೆ ಮ್ಯಾಲೈತೆ. ನೀವು ಸೂಜಿ ಮೆಲ್ಲಗೆ ಹಾಕ್ರಿ ಸಾಕು’ ಎಂದ ರೇವಣಸಿದ್ದಪ್ಪ. ಸೂಜಿ ಹಾಕಿಸಿಕೊಂಡು, ನೋವು ಗೊತ್ತಾಗಲೇ ಇಲ್ಲವಲ್ಲ ಎಂದು ಮೆಚ್ಚಿಕೊಂಡು ಹೋದ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಕೇಳುವುದು, ಬೇಡವೆಂದರೆ ಬಿಡುವುದು, ಔಷಧಿ ಬೇಕೆಂದವರಿಗೂ ಬೇಡವೆಂದವರಿಗೂ ಅದೇ. ಶಿಲುಬೆ ರವಿಕೆಯಿಂದ ಹೊರಗೆ ಬಂತು. ಕ್ಯಾಲೆಂಡರ್ ಮುಂದಿನ ಗೋಡೆಗೆ ಬಂತು, ಅದಕ್ಕೆ ಮೊಳೆ ಹೊಡೆದವನು ಕಲ್ಲೇಶ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಿಂಗಕ್ಕ ತನ್ನ ಕಾಲ ಮೇಲೇ ಬಸ್ಸಿಳಿದು ಬಂದಳು. ಸ್ವಲ್ಪ ಕುಂಟು, ಆದರೆ ಮಂದೆಯ ಹಿಂದೆ ಹೋಗುವ ನಡಿಗೆಗೆ ಏನೂ ಕಮ್ಮಿಯಿರಲಿಲ್ಲ. ಜೊತೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಒಬ್ಬ ಹೆಂಗಸು. ನಿಂಗಕ್ಕ ಅವಳನ್ನು ರೋಗಿಯ ಸ್ಟೂಲಿನ ಮೇಲೆ ಕೂರಿಸಿ ತಾನು ಪಕ್ಕದಲ್ಲಿ ನಿಂತಳು.

‘ಇವ್ಳು ನಮ್ಮ ಹಟ್ಟಿಯೋಳು, ಹನುಮಮ್ಮ ಅಂತ. ಕೆಮ್ಮು, ಜ್ವರ, ಬಡಕಲಾಗಿ ಹೋಗ್ಯಾಳೆ. ಮೊದ್ಲೇ ಹೇಳ್ತೀನಿ ಕೇಳೇ ಹನುಮಿ, ಇಲ್ಲಿ ಮಂತ್ರ ಇಲ್ಲ. ಕೊಟ್ಟ ಮಾತ್ರೆ ಕೊನೇ ತನಕ ನುಂಗ್ಬೇಕು, ಅಟ್ಟದ ಮ್ಯಾಲೆ ಇಟ್ಟೀಯ ಜ್ವಾಕೆ. ನನ್ನ ಕಾಲು ನೋಡು ಬೇಕಾದ್ರೆ.’ ಆಮೇಲೆ ಡಾಕ್ಟರ ಕಡೆಗೆ ತಿರುಗಿ, ‘ನಿಮ್ಮ ಸ್ವಾಮಿಗೆ ಹೇಳ್ರಮ್ಮ. ಹೆಸ್ರು ಮರೀಬ್ಯಾಡ್ರಿ, ಹನುಮಮ್ಮ’ ಎಂದಳು.

ಜಯಶೀಲಾ ಹನುಮಮ್ಮನನ್ನು ನೋಡಿದರು. ‘ಏನಮ್ಮ, ಪ್ರಾರ್ಥನೆ ಮಾಡ್ಲಾ?’

ಹನುಮಮ್ಮ ಸೆರಗು ಸರಿಸಿ ಮೆಲ್ಲಗೆ ಹೂಂ ಎಂದಳು. ಜಯಶೀಲಾ ಅವಳ ಕೈಹಿಡಿದು ಕಣ್ಣುಮುಚ್ಚಿ ಶುರುಮಾಡಿದರು. ಹಳೆಯ ಅಭ್ಯಾಸ, ದನಿ ಕೊಂಚ ತಗ್ಗಿತ್ತು.

‘ಗಟ್ಟಿಯಾಗಿ ಹೇಳ್ರಮ್ಮ’ ಎಂದಳು ನಿಂಗಕ್ಕ, ‘ಹೊರಗೆ ಕುಂತೋರಿಗೂ ಕೇಳ್ಸಂಗೆ.’

ಜಯಶೀಲಾ ಗಟ್ಟಿಯಾಗಿ ಹೇಳಿದರು.